ರಿಸಲ್ಟ್ ತೆಗೆಯೋ ಕೈ

ಜೂನ್ 9

ಮತ್ತೆ ನನ್ನನ್ನೇ ಕರೆದ್ರು. ಈ ಪಿಜಿಯಲ್ಲಿ ಯಾರ ರಿಸಲ್ಟ್ ಬಂದ್ರೂ ಯೂನಿವರ್ಸಿಟಿ ಪೋರ್ಟಲ್ ತೆಗೆಯೋಳು ನಾನೇ ಆಗ್ಬೇಕು. ‘ಸ್ಫೂರ್ತಿ ಕೈಗುಣ ಒಳ್ಳೇದು’ ಅಂತೆ. ಕರ್ಮ! ಪಕ್ಕದ ರೂಮಿನ ಭಾಗ್ಯಶ್ರೀ ದುಪ್ಪಟ್ಟಾ ಒಳಗೆ ಮುಖ ಮುಚ್ಕೊಂಡು ಕೂತಿದ್ಲು. ಹಲ್ಲುಜ್ಜುತ್ತಾನೇ ಒತ್ತಿದೆ. ಪಾಸ್. ‘ಪೋರ್ಟಲ್ ಏನ್ ಫಾಸ್ಟ್ ಕಣೇ!’ ಅಂದ್ಲು. ನಿನ್ನೆ ಇವಳೇ ಅದನ್ನ ಡಬ್ಬಾ ಅಂತ ಬೈದಿದ್ದು.

ಫೇಲಾಗಿ ಮತ್ತೆ ಬರೆದ ನನ್ನ ಮ್ಯಾಥ್ಸ್ ಬ್ಯಾಕ್‌ಲಾಗ್ ರಿಸಲ್ಟ್ ಇನ್ನೂ ಬಂದಿಲ್ಲ. ಅದು ಪಾಸಾದ್ರೆ ಕಂಪನೀಲಿ ಪರ್ಮನೆಂಟ್. ಇಲ್ದಿದ್ರೆ ತಿಂಗಳ ಕೊನೆಗೆ ಟ್ರೈನಿ ಕೆಲಸವೂ ಹೋಯ್ತು.

ಜೂನ್ 12

ಇವತ್ತು ಮಹಾದೇವಿ ಸರದಿ. ನನ್ನ ರೂಮ್‌ಮೇಟ್, ಕುಷ್ಟಗಿಯೋಳು. ‘ನೀನ ಒತ್ತವಾ, ನಿನ್ನ ಕೈಗುಣ ಚಲೋ ಐತಿ.’ ಒತ್ತಿದೆ. ಎರಡು ಸಬ್ಜೆಕ್ಟ್ ಹೋಗಿತ್ತು.

‘ರಿಫ್ರೆಶ್ ಮಾಡು… ಇನ್ನೊಮ್ಮೆ ಮಾಡು.’

ಮಾಡಿದೆ. ಅದೇ ಕೆಂಪಕ್ಷರ. ಆಮೇಲೆ ಅವಳು ಸ್ಕ್ರೀನ್ ನೋಡ್ಲಿಲ್ಲ — ನನ್ನ ಕೈ ನೋಡಿದ್ಲು. ಪೇಪರ್ ತಿದ್ದಿದ್ದು ನಾನಾ? ಸಿಟ್ಟು ಬಂತು. ಅಳೂನೂ ಬಂತು.

ಜೂನ್ 16

ಮೇಲಿನ ರೂಮಿನ ಶೈಲಜಾ ರಿಸಲ್ಟ್ ಬಂತು. ‘ಪರವಾಗಿಲ್ಲ, ನಾನೇ ನೋಡ್ಕೋತೀನಿ’ ಅಂದ್ಲು. ಕರೆದಾಗ ಕಾಟ ಅಂತಿದ್ದೆ, ಈಗ ಕರೀಲಿಲ್ಲ ಅಂತ ಹೊಟ್ಟೆ ಉರಿ. ಮಹಾದೇವಿ ಮಾತಾಡ್ತಿಲ್ಲ. ಪಿಜಿ ಓನರ್ ಕಮಲಮ್ಮ ಬೇರೆ — ‘ಯಾಕಮ್ಮ, ಮುದ್ದೆ ಹಾಗೇ ಬಿಟ್ಟಿದ್ದೀಯ?’

ಜೂನ್ 20, ಬೆಳಗ್ಗೆ

ಆಫೀಸ್ ಬಸ್ಸು. ಚಂದಾಪುರ ಸಿಗ್ನಲ್‌ನಲ್ಲೇ ಮೆಸೇಜ್ — ನನ್ನ ರಿಸಲ್ಟ್ ಬಂದಿದೆ. ಲಾಗಿನ್ ಆದೆ. ಆ ಲೋಡಿಂಗ್ ಚಕ್ರ ತಿರುಗ್ತಾ ಇತ್ತು… ನಿಲ್ಲೋ ಮುಂಚೆ ನಾನೇ ಕ್ಲೋಸ್ ಮಾಡ್ಬಿಟ್ಟೆ. ಮತ್ತೆ ತೆಗೆದೆ, ಮತ್ತೆ ಮುಚ್ಚಿದೆ. ನೆಟ್‌ವರ್ಕ್ ಸರಿ ಇಲ್ಲ ಅಂದ್ಕೊಂಡೆ. ಪಕ್ಕದ ಸೀಟಲ್ಲಿ ನಮ್ಮ ಆಫೀಸಿನ ಈರೇಶ್ ಆರಾಮಾಗಿ ಫೋನಲ್ಲಿ ಕ್ರಿಕೆಟ್ ನೋಡ್ತಿದ್ದ.

ಸಂಜೆ, ರೂಮು

‘ಬಂತಂತಲ್ಲ ನಿಂದು?’ ಮಹಾದೇವಿ. ಅವತ್ತಿಂದ ಇದೇ ಮೊದಲ ಮಾತು.

‘ಸೈಟ್ ಓಪನ್ ಆಗ್ತಿಲ್ಲ ಕಣೇ.’

‘ಸುಳ್ಳ ಹೇಳಬ್ಯಾಡ. ಕೊಡಿಲ್ಲೆ ಫೋನು.’

‘ನೀನಾ?’ ಬಾಯಿಂದ ಬಂದೇಬಿಡ್ತು. ಥೂ ನನ್ನ ಬಾಯಿಗೆ! ಅವಳ ಮುಖ ಸಣ್ಣಗಾಯ್ತು, ಗೋಡೆ ಕಡೆ ತಿರುಗಿ ಕೂತ್ಲು. ಫೇಲಾದವಳ ಕೈ ಅಂತ ನಾನೂ ಅಂದ್ಕೊಂಡ್ನಲ್ಲ. ನಾಚಿಕೆ ಆಗ್ತಿದೆ.

ಎದ್ದು ಹೋಗಿ ಫೋನ್ ಅವಳ ಕೈಲಿಟ್ಟೆ. ಪಾಸೋ ಫೇಲೋ, ಇವಳ ಕೈಯಿಂದಲೇ ಬರ್ಲಿ. ರಿಜಿಸ್ಟರ್ ನಂಬರ್ ಕೇಳಿದ್ಲು, ಹೇಳಿದೆ. ನೋಡೋ ಧೈರ್ಯ ಇಲ್ಲ, ಅದಕ್ಕೇ ಇದನ್ನ ಗೀಚ್ತಾ ಕೂತಿದ್ದೀನಿ.

‘ಲೋಡ್ ಆಗಾಕತ್ತೈತಿ… ಬಾರವಾ, ಬರಿಯೂದು ಸಾಕು. ನನಗ ಒಬ್ಬಾಕಿಗೇ ಹೆದರಿಕಿ ಆಕ್ಕೈತಿ.’

ಪೆನ್ ಹಿಡಿದ ಕೈನೇ ಹಿಡ್ಕೊಂಡು ಎಳೀತಿದ್ದಾಳೆ. ಅವಳ ಕೈ ಬೆವರಿದೆ, ನಂದೂ. ಬರಿಯೋಕೆ ಬಿಡ್ತಾ ಇಲ್—