ರಾಟೆಯ ಹಗ್ಗ ಹಿಡಿದ ಕೈ

ಅಂಗಡಿಯ ಹಿಂಬದಿ ಕೋಣೆ,
ಮಾರ್ಚ್ 9

ಪ್ರೀತಿಯ ಗುಬ್ಬಿಗೆ ಅಣ್ಣನ ಆಶೀರ್ವಾದ.

ನಾವಿಲ್ಲಿ ಹೇಗೋ ಇದ್ದೇವೆ. ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ರಕ್ತಪರೀಕ್ಷೆಯ ಫಲಿತಾಂಶ ಬರಲೆಂದು ಕಾದೆ. 'ಕಾಯಿಲೆ ಇರೋದು ನಿಜ ಆದ್ರೆ ಡಾಕ್ಟ್ರ ಚೀಟಿ ತೋರಿಸ್ಲಿ' ಎಂದು ನಿನ್ನ ಅತ್ತಿಗೆಗೆ ಫೋನಿನಲ್ಲಿ ಹೇಳಿದ್ದೆಯಲ್ಲ, ಆ ಚೀಟಿಯೂ ಈ ಲಕೋಟೆಯಲ್ಲಿದೆ.

ನಿನ್ನ ಯಜಮಾನರು, ನಮ್ಮ ಭಾವ, ಹೇಗಿದ್ದಾರೆ? ಎಡಗೈಯಲ್ಲಿ ಉಳಿ ಹಿಡಿಯುವುದನ್ನು ಕಲಿಯುತ್ತಿದ್ದಾರೆಂದು ಕೇಳಿದೆ. ಬಲಗೈಯಲ್ಲಿ ಹೋದ ಎರಡು ಬೆರಳಿಗೆ ನಾನು ಏನು ಹೇಳಲಿ.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ತಮ್ಮ ಕೈ ನನ್ನ ಕೈಗೆ ಕೊಟ್ಟು, 'ಗಟ್ಟಿಯಾಗಿ ಹಿಡೀರಿ. ಹಾಂ, ಈಗ ಬಿಡಿ' ಎಂದರು. ಬೆರಳು ಬಿಚ್ಚಲಿಲ್ಲ. 'ನನ್ನ ಕೈ ವಾಪಸ್ ಕೊಡ್ತೀರೋ, ಮನೆಗೆ ಕಟ್ಕೊಂಡು ಹೋಗ್ತೀರೋ?' ಎಂದು ನಕ್ಕರು. ನಿನ್ನ ಅತ್ತಿಗೆ ಸುಮ್ಮನಿರುತ್ತಾಳೆಯೇ? 'ನನ್ನ ಕೈಯನ್ನ ಒಂದಿನಾನೂ ಹಿಂಗೆ ಹಿಡೀಲಿಲ್ಲ ನೋಡಿ' ಎಂದಳು. ಆಮೇಲೆ ತೋಳಿಗೆ ಸೂಜಿ ಚುಚ್ಚಿ ತಂತಿಯನ್ನು ಯಂತ್ರಕ್ಕೆ ಜೋಡಿಸಿದರು. ಬೈಕೊಂದು ಗುರ್ರೆನ್ನುತ್ತ ದೂರ ಓಡಿದಂಥ ಸದ್ದು ನನ್ನ ತೋಳಿನೊಳಗಿಂದ ಆ ಯಂತ್ರದಲ್ಲಿ ಕೇಳಿಬಂತು.

ಅವರು ಬಿಡಿಸಿ ಹೇಳಿದ್ದು ಇಷ್ಟು. ಮಾಂಸಖಂಡದ ಪ್ರತಿ ಎಳೆಯ ಹೊರಪೊರೆಯಲ್ಲೂ ಕ್ಲೋರೈಡ್ ಹಾದುಹೋಗುವ ಸಣ್ಣ ಸಣ್ಣ ಕಿಂಡಿಗಳಿರುತ್ತವೆ. ಕ್ಲೋರೈಡ್ ಎಂದರೆ ಅಡುಗೆ ಉಪ್ಪಿನಲ್ಲಿರುವುದೇ. ಅದು ಒಳಗೆ ಹೋದರೆ ಕೆಲಸ ಮುಗಿಸಿದ ಮಾಂಸಖಂಡ ಸುಮ್ಮನಾಗುತ್ತದೆ. ಹೋಗದಿದ್ದರೆ ನಾವು ಬಿಡೆಂದರೂ ಬಿಗಿದೇ ಇರುತ್ತದೆ. ಆ ಕಿಂಡಿ ಪ್ರೋಟೀನಿನದು, ಒಂದೇ ಥರದ ಎರಡು ತುಂಡು ಸೇರಿ ಆದದ್ದು. ತುಂಡಿಗೊಂದು ದಾರಿ, ಆದರೆ ಎರಡಕ್ಕೂ ಸೇರಿ ಒಂದು ಬಾಗಿಲು. ಒಂದು ತುಂಡು ಮಡಚಿಕೊಳ್ಳುವಾಗ ಸ್ವಲ್ಪ ಸೊಟ್ಟಗಾದರೂ ಬಾಗಿಲು ಸರಿಯಾಗಿ ತೆರೆಯದು. ನೆಟ್ಟಗಿರುವ ತುಂಡೂ ಅದರ ಜೊತೆ ಕೆಡುತ್ತದೆ. ನನಗೆ ಹುಟ್ಟುವಾಗಲೇ ಬಂದ ಸೊಟ್ಟವಂತೆ.

ಭಾವನ ಬೆರಳು ಹೋದ ದಿನದ್ದನ್ನೂ ಅವರಿಗೆ ಹೇಳಿದೆ. ಬೆಳಿಗ್ಗೆ ಅಂಗಡಿ ಬೋರ್ಡಿನಲ್ಲಿ ಯಾರ ಹೆಸರು ಮೇಲಿರಬೇಕೆಂದು ಭಾವನಿಗೂ ನನಗೂ ಮಾತಿಗೆ ಮಾತು ಬೆಳೆದಿತ್ತು. ಊಟ ಮಾಡಿ ಸ್ವಲ್ಪ ಹೊತ್ತು ಕೂತಿದ್ದು ಎದ್ದೆ, ತೊಲೆ ಎತ್ತಲು ರಾಟೆಯ ಹಗ್ಗ ಜಗ್ಗಿದೆ. ಭಾವನ ಬೆರಳುಗಳು ಹಗ್ಗಕ್ಕೂ ಗಾಲಿಗೂ ನಡುವೆ ಸಿಕ್ಕಿದವು. 'ಬಿಡು, ಹಗ್ಗ ಬಿಡು' ಎಂದು ಕೂಗಿದರು. ಬಿಡುತ್ತಿದ್ದೇನೆ ಅಂದುಕೊಂಡೇ ಹಿಡಿದು ನಿಂತಿದ್ದೆ, ಗುಬ್ಬಿ.

'ಇಡೀ ದಿನ ಉಳಿ ಆಡಿಸೋ ಕೈ ಆಗ ಮಾತ್ರ ಬಿಗೀತಾ? ಬೆಳಗಿನ ಜಗಳದ ಸೇಡು ಇದು' ಎಂದು ಭಾವ ಬಡಗಿಗಳ ಸಂಘದಲ್ಲಿ ಕೇಳಿದ್ದರಲ್ಲ, ಅದನ್ನೂ ಡಾಕ್ಟರಿಗೆ ಹೇಳಿದೆ. 'ಈ ಕಾಯಿಲೆ ಗುಣಾನೇ ಅದು. ಕೆಲಸ ಮಾಡ್ತಾ ಮಾಡ್ತಾ ಸಡಿಲ ಆಗುತ್ತೆ. ಕೂತಿದ್ದು ಎದ್ದು ಒಮ್ಮೆಲೇ ಬಲ ಹಾಕಿದ್ರೆ ಹಿಡ್ಕೊಳ್ಳುತ್ತೆ' ಎಂದರು. ಚೀಟಿಯಲ್ಲೂ ಅದನ್ನೇ ಬರೆದುಕೊಟ್ಟಿದ್ದಾರೆ.

ಸಂಘ ನನ್ನನ್ನು ಹೊರಗಿಟ್ಟ ಮೇಲೆ ಯಾರೂ ಜೊತೆಗೆ ಕರೆಯುವುದಿಲ್ಲ. ಒಬ್ಬನೇ ಕೂತು ಸ್ಟೂಲು ಮಾಡುತ್ತೇನೆ. ಮೂರು ಕಾಲಿನವು, ನಾಲ್ಕನೆಯದಕ್ಕೆ ಈಗೀಗ ಉಮೇದು ಇಲ್ಲ. ಈ ಚೀಟಿಯನ್ನು ಭಾವನಿಗೆ ಓದಿ ಹೇಳು. ಸಂಘದವರಿಗೆ ತೋರಿಸುವುದೋ ಒಲೆಗೆ ಹಾಕುವುದೋ ನಿನಗೆ ಸೇರಿದ್ದು.

ನಿನ್ನ ಮನೆ ತಣ್ಣಗಿರಲಿ. ಮಕ್ಕಳಿಗೆ ಒಳ್ಳೆಯದಾಗಲಿ.

ನಿನ್ನ
ಅಣ್ಣ

ತಾ.ಕ.: ಒಂದು ಮಾತು ಬಿಟ್ಟುಹೋಯಿತು. 'ಚಿಕ್ಕಂದಿನಿಂದ್ಲೂ ಹೀಗಿತ್ತಾ? ನೋಡಿದವರು ಯಾರಾದ್ರೂ ಇದ್ದಾರಾ?' ಎಂದು ಡಾಕ್ಟರ್ ಕೇಳಿದರು. ಬಾವಿ ಹಗ್ಗಕ್ಕೆ ಕಚ್ಚಿಕೊಂಡ ನನ್ನ ಬೆರಳುಗಳನ್ನು, ಅಪ್ಪ ಬರುವುದರೊಳಗೆ ಒಂದೊಂದಾಗಿ ಬಿಡಿಸುತ್ತಿದ್ದವಳು ನೀನು. ಅವತ್ತು ಸಂಘದಲ್ಲಿ ಹಿರಿಯರು 'ನಿಮ್ಮಣ್ಣನಿಗೆ ಮೊದಲೇ ಹಿಂಗಿತ್ತೇನಮ್ಮ?' ಎಂದು ಕೇಳಿದಾಗ ಭಾವನ ಮುಖ ನೋಡಿ, 'ನಂಗೇನೂ ಗೊತ್ತಿಲ್ಲ' ಅಂದುಬಿಟ್ಟೆಯಲ್ಲ. ನೋಡಿದವರು ಯಾರೂ ಇಲ್ಲವೆಂದು ಡಾಕ್ಟರಿಗೆ ಹೇಳಿ ಬಂದಿದ್ದೇನೆ.