ಎಪ್ಪತ್ತೊಂದು ನಿಮಿಷ

ಕಾವೂರು
೧೬-೧-೧೯೮೧

ಪ್ರೀತಿಯ ಸ್ನೇಹಕ್ಕ,

ಮದುವೆಯಾಗಿ ಎರಡು ತಿಂಗಳಾದರೂ ನನ್ನ ಖುಷಿ ಇಳಿದಿಲ್ಲ. ಪಿಯುಸಿಯ ಸ್ಟ್ಯಾಟಿಸ್ಟಿಕ್ಸನ್ನು ಇವರೇ ಕಲಿಸುತ್ತಾರೆ, ಎಷ್ಟು ಚೆಂದ ಗೊತ್ತಾ! ನಾನು ಕಾಲೇಜು ಬಿಟ್ಟು ಮನೆ ಸೇರಲು ಎಷ್ಟು ನಿಮಿಷವಾಯಿತೆಂದು ದಿನವೂ ಬರೆದಿಟ್ಟು, ನನ್ನಿಂದಲೇ ಸರಾಸರಿ ತೆಗೆಸಿದರು. ನಲವತ್ತು. ಅಂಕಿಗಳು ಅದರಿಂದ ಎಷ್ಟು ಚದುರಿವೆ ಎನ್ನುವುದೇ ಸ್ಟ್ಯಾಂಡರ್ಡ್ ಡೀವಿಯೇಶನ್. ನನ್ನದು ಬರೀ ಎರಡು. ನನಗಾಗಿ ಯಾರು ಇಷ್ಟು ಕಾದಿದ್ದಾರೆ ಹೇಳು?

ನೀನು ಬಿಜೈಯಲ್ಲಿ ಸಿಕ್ಕಿ ಶರಬತ್ತು ಕುಡಿಸಿದ ದಿನ ಎಪ್ಪತ್ತೊಂದು ಬಂತು.

"ಎಂತ ಆಶಾ, ಈ ಒಂದು ಅಂಕಿ ದೂರ ಬಿದ್ದಿದೆಯಲ್ಲ. ಯಾರು ಸಿಕ್ಕಿದ್ದು?"

ಚಪ್ಪಲಿ ಕಿತ್ತುಹೋಯಿತು ಎಂದೆ. ಅವರು ಚಪ್ಪಲಿಯನ್ನು ಎತ್ತಿ, ತಿರುಗಿಸಿ, ಗಟ್ಟಿಯಾಗಿಯೇ ಇದ್ದ ಬಾರನ್ನು ಎಳೆದು ನೋಡಿ, ನಗುತ್ತಾ ಜೋಡಿಯಾಗಿ ಇಟ್ಟರು. ನಾನು ನಿನ್ನ ಹೆಸರು ಹೇಳಲಿಲ್ಲ.

ನಿನ್ನೆ ಮತ್ತೊಂದು ಪಾಠವಾಯಿತು. "ನೀನು ಮನೆಯಲ್ಲೇ ಇದ್ದರೆ ದಿನವೂ ಸೊನ್ನೆ. ಡೀವಿಯೇಶನ್ನೂ ಸೊನ್ನೆ. ಅದಕ್ಕಿಂತ ಚೆಂದದ ಉತ್ತರ ಉಂಟಾ ಮಾರಾಯ್ತಿ?" ನನಗೂ ನಗು ಬಂತು. ಸೋಮವಾರದಿಂದ ನನಗೆ ಕಾಲೇಜಿಲ್ಲ.

ಒಂದು ಸಣ್ಣ ಕೆಲಸ, ಅಕ್ಕ. ನನ್ನ ಹಾಲ್ ಟಿಕೆಟನ್ನು ನೀನೇ ಕಾಲೇಜಿನಿಂದ ತೆಗೆದು ಅತ್ತಾವರದಲ್ಲಿ ನಿನ್ನ ಹತ್ತಿರ ಇಟ್ಟುಕೋ. ಇಲ್ಲಿಗೆ ಕಾಗದ ಬರೆಯಬೇಡ. ಪರೀಕ್ಷೆಯ ದಿನ ಬೆಳಿಗ್ಗೆ ಕರೆಯಲು ಬಾ. ಒಬ್ಬಳೇ ಬರಬೇಡ, ಸೋದರಮಾವನನ್ನೂ ಕರೆದುಕೊಂಡು ಬಾ.

ನಿನ್ನ ತಂಗಿ,
ಆಶಾಲತಾ