ಮೂರನೆಯ ಪ್ಲೇಟು

ಜುಲೈ 6, 1986. ಭಾನುವಾರ

…ಒಬ್ಬನೇ ಕೂತು ಮಟ್ಟ ಮಾಡೋಕಾಗೊಲ್ಲ ಎಂದೋ ಏನೋ ಅಂದ ರಾಮಲಿಂಗಂ. ಪೂರ್ತಿ ನೆನಪಿಲ್ಲ. ಬಾಯಲ್ಲಿ ಬೀಡಿಯಿತ್ತು. ಕೋಯಮುತ್ತೂರಿನ ಪಕ್ಕದ ಪೋತ್ತನೂರು ರೈಲ್ವೆಯಿಂದ ನಿವೃತ್ತನಾಗಿ ಮನೆಯ ಹಿಂದೆ ತಗಡಿನ ಶೆಡ್ ಹಾಕಿಕೊಂಡವನು. ಒಂದು ಲೇತ್, ಒಂದು ಕುಲುಮೆ, ಭಾನುವಾರಗಳಲ್ಲಿ ನಾವು. ಹವ್ಯಾಸವಂತೆ. ಮನೆಗೆ ಬೇಡವಾದ ಗಂಡಸರು ಕಬ್ಬಿಣ ಕೆರೆಯುವುದಕ್ಕೆ ಒಂದು ಹೆಸರು. ಮಾಡಿದ್ದನ್ನು ಬೆಂಚಿನ ಮೇಲಿಟ್ಟು ತೋರಿಸಬೇಕು, ಮಿಕ್ಕವರು ಬೇಷ್ ಅನ್ನಬೇಕು. ಇಂದಿನ ಪ್ರದರ್ಶನ: ಬೋಲ್ಟು ಬಗ್ಗಿಸಿ ಮಾಡಿದ ಹಂಸ.

ನನಗೆ ಬೇಕಿರುವುದು ಒಂದು ಸರ್ಫೇಸ್ ಪ್ಲೇಟು, ಮಿಕ್ಕದ್ದರ ಮಟ್ಟ ಅಳೆಯುವ ಹಲಗೆ. ಬೀಡು ಕಬ್ಬಿಣದ್ದು. ಸಂಪೂರ್ಣ ಮಟ್ಟಸ. ಪಂಪ್ ಕಂಪನಿಯಲ್ಲಿ ಇಷ್ಟು ವರ್ಷ ಬೇರೆಯವರ ನಕ್ಷೆಯ ಗೆರೆ ತಿದ್ದಿದ್ದೇನೆ. ಯಾರ ಅಭಿಪ್ರಾಯವೂ ಬೇಕಿಲ್ಲದ ವಸ್ತು ಒಂದಾದರೂ ನನ್ನದಾಗಿರಲಿ.

ಅದಕ್ಕೆ ಮೂರು ಬೇಕಂತೆ. ಒಂದಕ್ಕೆ ನೀಲಿ ಬಣ್ಣ ಹಚ್ಚಿ ಇನ್ನೊಂದರ ಮೇಲೆ ಉಜ್ಜುವುದು. ನೀಲಿ ಅಂಟಿದ ಕಡೆ ಉಬ್ಬು. ಅಲ್ಲಿ ಕೆರೆಯುವುದು. ನನ್ನದು ರಾಮಲಿಂಗನದರ ಮೇಲೆ, ಅವನದು ಮೂರನೆಯದರ ಮೇಲೆ, ಮೂರನೆಯದು ನನ್ನದರ ಮೇಲೆ — ತಿಂಗಳುಗಟ್ಟಲೆ. ಮೂರನೆಯದು ಚೆನ್ನಿಯಪ್ಪನದು. ಕುನ್ನತ್ತೂರಿನಲ್ಲಿ ಗೊಬ್ಬರದಂಗಡಿ. ನಮ್ಮಂತೆ ಮನೆಯಲ್ಲಿ ಕನ್ನಡ. ಬಾಯಿ ಮುಚ್ಚುವುದಿಲ್ಲ. ಕೆರೆಯುವ ಉಳಿಗಳನ್ನು ಹಳೆಯ ಅರ ಮಸೆದು ನಾವೇ ಮಾಡಿಕೊಂಡೆವು. ಅವನ ಉಳಿಯ ಹಿಡಿಗೆ ಕೆಂಪು ಬಣ್ಣ ಬೇರೆ.

ಜುಲೈ 20

ಚೆನ್ನಿಯಪ್ಪ ಅಡಕತ್ತರಿ ಮಾಡಿ ತಂದ. ಲಾರಿ ಸ್ಪ್ರಿಂಗಿನ ಪಟ್ಟಿಯಿಂದ. ಅವನ ತಾಯಿಗಂತೆ. ಹಲ್ಲಿಲ್ಲ, ಅಡಕೆ ಎಳೆಯೆಳೆಯಾಗಿ ಬೇಕಂತೆ. ಬೆಂಚಿನ ಮೇಲೆ ಟವಲು ಹಾಸಿ ಇಟ್ಟ, ಕೂಸು ಮಲಗಿಸಿದ ಹಾಗೆ.

"ಎಂಗದೆ ಅಣ್ಣಾ? ನೀವು ಕಂಪನಿಯೋರು, ನೀವೇ ಹೇಳ್ಬೇಕು."

"ಎಮ್ಮೆಗೆ ಲಾಳ ಹೊಡ್ದಂಗದೆ."

ರಾಮಲಿಂಗಂಗೆ ತಮಿಳಿನಲ್ಲಿ ಹೇಳಿದೆ. ಬೀಡಿ ಕೆಳಗೆ ಬೀಳುವಷ್ಟು ನಕ್ಕ. ಚೆನ್ನಿಯಪ್ಪನೂ ನಕ್ಕ, ಸ್ವಲ್ಪ ತಡವಾಗಿ. ಟವಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ.

ಒಳ್ಳೆಯ ವಾಕ್ಯ. ಬಸ್ಸಿನಲ್ಲಿ ನನಗೇ ಮತ್ತೆ ನಗು ಬಂತು.

ಆಗಸ್ಟ್ 3

ಅವನಿಲ್ಲ. ಹೋದ ವಾರವೂ ಇರಲಿಲ್ಲ. ಪ್ಲೇಟನ್ನೂ ಅಡಕತ್ತರಿ ತಂದ ದಿನವೇ ಕೊಂಡೊಯ್ದಿದ್ದಾನೆ. ಶೆಡ್ಡಿನಲ್ಲಿ ನಿಶ್ಶಬ್ದ. ಹಿತವಾಗಿದೆ.

ಈ ಕನ್ನಡ ಅಕ್ಷರ ನಮ್ಮ ಮನೆಯಲ್ಲಿ ಯಾರಿಗೂ ಬಾರದು, ಅವರು ಓದಿದ್ದೆಲ್ಲ ತಮಿಳು. ಅದೂ ಹಿತವೇ.

ಆಗಸ್ಟ್ 31

ಎರಡೇ ಸಾಕು. ಇಂದು ನನ್ನ ಪ್ಲೇಟಿನ ನೀಲಿ ರಾಮಲಿಂಗನದರ ಮೇಲೆ ಅಂಚಿನಿಂದ ಅಂಚಿಗೆ ಕೂತಿತು. ಮೇಲಿನದನ್ನು ಎತ್ತಿದರೆ ಕೆಳಗಿನದೂ ಅಂಟಿಕೊಂಡು ಬಂತು. ಮನುಷ್ಯರಲ್ಲಿ ಇಂಥ ಒಪ್ಪಂದ ಕಂಡಿಲ್ಲ. ಮೂರನೆಯವನು ಬೇಕೆಂಬುದು ರೈಲ್ವೆಯವರ ಸಂಪ್ರದಾಯ, ಅಷ್ಟೇ. ಅಲ್ಲಿ ಎಲ್ಲದಕ್ಕೂ ಒಬ್ಬ ಹೆಚ್ಚು.

ಸೆಪ್ಟೆಂಬರ್ 7

ಕಂಪನಿಯಿಂದ ಉಕ್ಕಿನ ನೇರ ಪಟ್ಟಿ ತಂದು ನಿಲ್ಲಿಸಿ ನೋಡಿದೆ. ನನ್ನದರ ಎರಡೂ ತುದಿಯಲ್ಲಿ ಅಡಿಯಿಂದ ಬೆಳಕು. ರಾಮಲಿಂಗನದರಲ್ಲಿ ನಡುವೆ ಬೆಳಕು. ನನ್ನದು ಉಬ್ಬಿದಷ್ಟೇ ಅವನದು ತಗ್ಗಿದೆ. ಅದಕ್ಕೇ ಅಷ್ಟು ಒಪ್ಪಂದ.

"ಸಾರ್, ನಿಮ್ಮದು ಡೊಳ್ಳು ಹೊಟ್ಟೆ," ಎಂದು ತನ್ನ ಬತ್ತಿದ ಹೊಟ್ಟೆ ಸವರಿ ತೋರಿಸಿದ. "ನನ್ನದು ಪೆನ್ಷನ್ ಹೊಟ್ಟೆ."

ಪಟ್ಟಿ ತಪ್ಪು ತೋರಿಸುತ್ತದೆ, ತಿದ್ದುವಷ್ಟು ಸೂಕ್ಷ್ಮವಲ್ಲ. ಫೌಂಡ್ರಿಯಿಂದ ಇನ್ನೊಂದು ತರೋಣ, ಎರಡನ್ನೂ ನಾನೇ ಕೆರೆಯುತ್ತೇನೆ ಅಂದೆ.

"ಆಗ ನಿಮ್ಮ ಕೈಯ ಓರೆ ಎರಡಕ್ಕೂ ಬರುತ್ತೆ ಸಾರ್. ಬೇರೆ ಕೈ ಬೇಕು. ನನ್ನ ಮಣಿಕಟ್ಟಿಗೆ ಒಂದು ಪ್ಲೇಟೇ ಸಾಕು."

ಬೇರೆ ಕೈ. ಈ ಊರುಗಳಲ್ಲಿ ಗೊಬ್ಬರದಂಗಡಿಯವನ ಕೈ ಒಂದೇ ಉಳಿದಿದೆಯೋ?

ಸೆಪ್ಟೆಂಬರ್ 14

ಕುನ್ನತ್ತೂರು. ಎರಡು ಬಸ್ಸು, ಕುರಿಗಳ ಜೊತೆ.

ಚೆನ್ನಿಯಪ್ಪ ಮನೆಯಲ್ಲಿರಲಿಲ್ಲ. ಹೆಂಡತಿ ಪಾಪಾತಿ ಕಾಪಿ ಕೊಟ್ಟಳು.

"ಅವ್ರು ಈರೋಡಿಗೆ ಲೋಡ್ ಎತ್ತಾಕ್ಕೆ ಹೋಗವ್ರೆ ಅಣ್ಣಾ. ಏನು ಸಂಗತಿ?"

"ಪ್ಲೇಟು ಬೇಕಿತ್ತು. ಕಬ್ಬಿಣದ್ದು."

"ಆ ಇರುಂಬು ಪಲಗೆನಾ? ಗೋಡೌನ್ ಬಾಗಿಲು ಬಡೀತಾ ಇತ್ತಂತ ಒತ್ತು ಕೊಟ್ಟವ್ರೆ."

ಬಾಗಿಲಿಗೆ ಒತ್ತು! ಅವನಿಂದ ಇನ್ನೇನು ನಿರೀಕ್ಷಿಸುವುದು.

ಜಗಲಿಯಲ್ಲಿ ಅವನ ಮುದುಕಿ ತಾಯಿ ನಾಚಿಯಮ್ಮ ಅಡಕೆ ಕತ್ತರಿಸುತ್ತಿದ್ದಳು. "ಯಾರೇ ಈ ಕಣ್ಣಾಡಿಯೋರು?" ನನ್ನ ಕನ್ನಡಕ ನೋಡಿ ಕೇಳಿದಳು.

"ಕೋಯಮುತ್ತೂರ ಅಣ್ಣ, ಅತ್ತೆ. ಶೆಡ್ಡಿನೋರು."

"ಓ, ಎಮ್ಮೆ ಲಾಳದೋರಾ!" ಬೊಚ್ಚು ಬಾಯಿ ಅಗಲಿಸಿ ನಕ್ಕಳು. "ವಾ ಸಾಮಿ, ಕುಂದ್ರು. ನಿನ್ನ ಎಮ್ಮೆ ಎಂಗೆ ಕಡೀತದೆ ನೋಡು." ಒಂದು ಎಳೆ ನನ್ನ ಅಂಗೈಗಿಟ್ಟಳು. ಕಾಗದದಷ್ಟು ತೆಳು.

ಕೊಳಕು ಆಕಾರ. ಕತ್ತರಿಸುತ್ತದೆ. ಕಾಪಿ ಅರ್ಧ ಬಿಟ್ಟು ಎದ್ದೆ.

ಸೆಪ್ಟೆಂಬರ್ 21

ಶೆಡ್ಡಿಗೆ ಪಾಪಾತಿಯ ತಮ್ಮ ಪೆರಿಯಸಾಮಿ ಬಂದ. ಯೂರಿಯಾ ಚೀಲವನ್ನು ಬೆಂಚಿನ ಮೇಲೆ ದೊಪ್ಪನೆ ಇಳಿಸಿದ. ಒಳಗೆ ಪ್ಲೇಟು.

"ಇದನ್ನ ಕೇಳಿದ್ರಂತೆ. ನೀವೇ ಮಡಗಿಕೊಳ್ಳಿ ಅಂದ್ರು ಮಾಮ." ಭಾವನನ್ನು ಹಾಗೆ ಕರೆಯುತ್ತಾನೆ.

"ಅವನು ಬರಲಿಲ್ಲವೇ?"

"ನೀವು ಕೇಳಿದ್ದು ಪಲಗೆನ. ಮಾಮನ್ನ ಕೇಳ್ಲಿಲ್ಲವಲ್ಲ."

ರಾಮಲಿಂಗಂ ಲೇತಿಗೆ ಎಣ್ಣೆ ಬಿಡುವುದರಲ್ಲಿ ಮಗ್ನನಾದ. ಎಣ್ಣೆ ಆಗಲೇ ಬಿಟ್ಟಾಗಿತ್ತು.

ಸೆಪ್ಟೆಂಬರ್ 23. ಸಂಜೆ

ಪ್ಲೇಟು ಮನೆಗೆ ತಂದೆ. ಬಾಗಿಲು ತಾಕಿದ ಅಂಚಿನಲ್ಲಿ ತುಕ್ಕು. ನಡುವೆ ಅವನು ಕೆರೆದ ಗುರುತು. ಇದುವರೆಗೆ ಸರಿಯಾಗಿ ನೋಡಿರಲಿಲ್ಲ. ಎಲ್ಲವೂ ಎಡಕ್ಕೆ ವಾಲಿವೆ. ಎಡಚ. ಇಷ್ಟು ಭಾನುವಾರ ಎದುರಿಗೇ ನಿಂತಿದ್ದನಲ್ಲ.

ನನ್ನ ಉಳಿ ತೆಗೆದುಕೊಂಡು ಒಂದೇ ಒಂದು ಸಲ ಎಳೆದೆ. ಬಲಕ್ಕೆ ವಾಲಿದ ಗೀರು. ಅವನವುಗಳ ನಡುವೆ ಎದ್ದು ಕಾಣುತ್ತದೆ. ನಿಲ್ಲಿಸಿದೆ.

ಹೆಂಡತಿ ಕಾಮಾಕ್ಷಿ ಬಾಗಿಲಲ್ಲಿ ನಿಂತು ಕೇಳಿದಳು: "ಯಾರ್ದು ಅದು?"

"ಒಬ್ಬ ಮುಠ್ಠಾಳನದು."

"ವಾಪಸ್ ಕೊಡ್ತೀರಾ?"

ತುಕ್ಕಿಗೆ ಎಣ್ಣೆ ಸವರಿದೆ. ಯಾರನ್ನೂ ಕರೆದು ನನಗೆ ರೂಢಿಯಿಲ್ಲ. ವಾಕ್ಯ ಹೇಗೆ ಶುರು ಮಾಡುತ್ತಾರೋ ಅದೂ ಗೊತ್ತಿಲ್ಲ. ಭಾನುವಾರದ ಮೊದಲ ಬಸ್ಸಿಗೆ ಕುನ್ನತ್ತೂರಿಗೆ ಬರುತ್ತೇನೆ, ಪ್ಲೇಟು ಹೊತ್ತುಕೊಂಡೇ. ನೀನು ಬೇಕು ಎಂದು ಬಾಯಿ ಬಿಟ್ಟು ಹೇಳಿದರೆ, ಚೆನ್ನಿಯಪ್ಪಾ, ನನ್ನ ಜೊತೆ ಬಸ್ಸು ಹತ್ತುತ್ತೀಯಾ, ಇಲ್ಲಾ ನಿಮ್ಮಮ್ಮನ ಎದುರಿಗೇ ನನ್ನನ್ನು ನೋಡಿ ನಕ್ಕು—